ಪಟ್ಟಿ ಕೂಡಿಸ್ರಿ!

ಶಾಸನಗಳ ಮುಕ್ಕಾದ ಅಕ್ಷರಗಳನ್ನು ಓದಿ, ಅವುಗಳ ತಿಥಿ ವಾರಗಳನ್ನು ತಾಳೆ ನೋಡುವುದರಲ್ಲಿಯೇ ಆಯುಷ್ಯ ಸವೆಸಿದ ಮನುಷ್ಯನಿಗೆ, ಅಂಗೈಯಗಲದ ಆಟಿಕೆಯೊಂದನ್ನು ರಿಪೇರಿ ಮಾಡುವುದು ಯಾವ ಮಹಾ ಕಾರ್ಯ? ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಆಗಷ್ಟೇ ನಿವೃತ್ತನಾಗಿದ್ದ ನಾನು ಬೊರಿವಲಿಯ ನಮ್ಮ ಮನೆಯಲ್ಲಿ ಕುಳಿತು ಹೀಗೆಂದುಕೊಂಡೆ. ಅಂದು ಮಂಗಳವಾರ. ಗುರುವಾರವೆಂದು ನನ್ನ ಹೆಂಡತಿ ಕಮಲ ಈಗಲೂ ವಾದಿಸುತ್ತಾಳೆ. ದಿನಚರಿಯನ್ನು ಎರಡು ಸಲ ನೋಡಿದ್ದೇನೆ. ಮಂಗಳವಾರವೇ!

ಆಟಿಕೆ ನಮ್ಮ ಮೇಲಿನ ಮನೆಯ ನಿಶಾ ಎಂಬ ಹುಡುಗಿಯದು. ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ಅವಳ ತಂದೆ ಕಳುಹಿಸಿದ್ದ ವಿಡಿಯೋ ಗೇಮ್. ಪುಟ್ಟ ಗಾಜಿನ ಪರದೆಯ ಮೇಲೆ ಕಪ್ಪು ಮನುಷ್ಯನೊಬ್ಬ ಬುಟ್ಟಿ ಹಿಡಿದು ಓಡಾಡುತ್ತ, ಮರದಿಂದ ಉದುರುವ ಹಣ್ಣುಗಳನ್ನು ಹಿಡಿಯಬೇಕು. ಅವಳ ಕೈಜಾರಿ ಬಿದ್ದು ಗಾಜು ಸೀಳಿದ ಮೇಲೆ ಅವನ ಕಾಲುಗಳು ಮಾತ್ರ ಓಡಾಡುತ್ತಿದ್ದವು. ಸೊಂಟದಿಂದ ಮೇಲೆ ಆಸಾಮಿ ನಾಪತ್ತೆ!

“ಅಂಕಲ್, ನೆಕ್ಸ್ಟ್ ಮಂತ್ ಪಪ್ಪಾ ಛುಟ್ಟಿಗೆ ಬರ್ತಾರೆ. ಬಂದ ದಿವಸವೇ ನನ್ನ ಜೊತೆ ಮ್ಯಾಚ್ ಖೇಲ್ತಾರೆ. ಟೂಟ್ ಗಯಾ ಅಂತ ಅವರಿಗೆ ಹೇಗೆ ಹೇಳೋದು?” ಎಂದು ಹುಡುಗಿ ಕಣ್ಣೊರೆಸಿಕೊಂಡಳು.

“ಹೇಳುವ ಪ್ರಮೇಯವೇ ಬಾರದು, ಮಗೂ,” ಎಂದೆ.

ಕಮಲ ಅಡುಗೆಮನೆಯಿಂದ ಇಣುಕಿದಳು. “ಅಲ್ಲಾರೀ, ಹೋದ ವರ್ಷ ಕುಕ್ಕರಿನ ಹಿಡಿ ರಿಪೇರಿ ಮಾಡಿದಿರಿ. ಇವತ್ತಿಗೂ ನಾನು ಅದನ್ನ ಇಕ್ಕಳದಲ್ಲಿ ಹಿಡೀತಿದೀನಿ. ಪರರ ವಸ್ತು, ಮಗು ಬೇರೆ ಅಳ್ತಿದೆ. ಬೇಡಾರೀ!”

ವಾರಪತ್ರಿಕೆಯೊಂದರಲ್ಲಿ ಜಾಹೀರಾತಿತ್ತು: ಎಲ್ಲ ಬಗೆಯ ವಿಡಿಯೋ ಗೇಮುಗಳ ಬಿಡಿಭಾಗಗಳು ವಿ.ಪಿ.ಪಿ. ಮೂಲಕ ಮನೆಬಾಗಿಲಿಗೆ! ಪತ್ರ ಬರೆದೆ. ಪಾರ್ಸೆಲ್ ಬರುವ ಮೊದಲೇ ಯಂತ್ರವನ್ನು ಬಿಚ್ಚಿದೆ. ಒಳಗಿನಿಂದ ಕೊಳೆ ಮೆತ್ತಿದ ರಬ್ಬರ್ ಕಡ್ಡಿಯೊಂದು ಕೆಳಗೆ ಬಿತ್ತು. ಯಾವನೋ ಕಾರ್ಮಿಕನ ಅಲಕ್ಷ್ಯವೆಂದು ನಿಷ್ಕರ್ಷಿಸಿ ಕಸದ ಡಬ್ಬಿಗೆ ಎಸೆದೆ.

ಹದಿನೈದು ದಿನಗಳ ಮೇಲೆ ಪಾರ್ಸೆಲ್ ಬಂತು. ಒಳಗೆ ಹೊಸ ಗಾಜು, ನಾಲ್ಕು ಸ್ಕ್ರೂ ಮತ್ತು ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಪಟ್ಟಿ. ಅದರ ಪ್ರಕಾರ ಗಾಜು ಒಂದು, ಸ್ಕ್ರೂ ನಾಲ್ಕು, ಕನೆಕ್ಟರ್ ಒಂದು. ಕನೆಕ್ಟರ್ ಎಂಬುದು ಎಲ್ಲಿಯೂ ಇರಲಿಲ್ಲ! ಅದರ ಬದಲು ಬೆರಳುದ್ದದ ಸಪೂರ ಗುಲಾಬಿ ರಬ್ಬರೊಂದನ್ನು ಇಟ್ಟಿದ್ದರು. ಗಿರಾಕಿಗಳಿಗೆ ಉಡುಗೊರೆಯಾಗಿ ಪೆನ್ಸಿಲ್ ಅಳಿಸುವ ರಬ್ಬರ್! ಇರಲಿ ಎಂದು ನನ್ನ ಲೇಖನದ ಕರಡಿನಲ್ಲಿ ತಪ್ಪಿದ್ದ ಒಂದು ಇಸವಿಯನ್ನು ಅದರಿಂದ ಉಜ್ಜಿದೆ. ಇಸವಿ ಹೋಗಲಿಲ್ಲ, ಪುಟ ಕಪ್ಪಾಯಿತು. ಇನ್ನೂ ಬಲವಾಗಿ ಉಜ್ಜಿದೆ. ಶತಮಾನವೇ ಹರಿದುಹೋಯಿತು!

ಗಾಜನ್ನು ಕೂರಿಸಿ ಮುಚ್ಚಿದೆ. ಮೊದಲು ಕಾಲುಗಳಾದರೂ ಕಾಣುತ್ತಿದ್ದವು. ಈಗ ಅವೂ ಇಲ್ಲ.

ನನಗೆ ಕೋಪ ನೆತ್ತಿಗೇರಿತು. ಪಟ್ಟಿಯಲ್ಲಿ ಆರು, ಪೆಟ್ಟಿಗೆಯಲ್ಲಿ ಐದು! ಇದು ಹಗಲುದರೋಡೆಯಲ್ಲದೆ ಮತ್ತೇನು? ಮೂರು ಪುಟಗಳ ಪ್ರತಿಭಟನಾ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು, ಅಭ್ಯಾಸಬಲದಿಂದ ಕನ್ನಡದಲ್ಲಿ ಸಹಿ ಹಾಕಿದೆ. ಆ ಸಹಿಯೇ ಪ್ರಮಾದವಾಯಿತು. ಅಂಗಡಿಯವರು ಉತ್ತರ ಬರೆಯಲು ತಮ್ಮಲ್ಲಿದ್ದ ಕನ್ನಡದ ಕೆಲಸಗಾರನಿಗೆ ಹೇಳಿದರು. ಕಾರ್ಡು ಬಂತು:

“ಸಾಹೇಬ್ರಿಗೆ ನಮಸ್ಕಾರ. ಗ್ಲಾಸಿನ ಜೋಡಿ ಪಟ್ಟಿ ಕಳಿಸೇವಿ. ಪಟ್ಟಿ ಬರೋಬ್ಬರಿ ಕೂಡಿಸ್ರಿ. ಪಟ್ಟಿ ಕೂಡದಿದ್ರ ಏನೂ ಕಾಣಂಗಿಲ್ಲ.”

“ನೋಡಿದೆಯಾ ಉದ್ಧಟತನ!” ಎಂದು ಕಾರ್ಡನ್ನು ಕಮಲಳ ಮುಂದೆ ಹಿಡಿದೆ. “ನನಗೆ ಕೂಡುವ ಲೆಕ್ಕ ಬಾರದೆಂದು ಸೂಚಿಸುತ್ತಿದ್ದಾನೆ!”

ಆದರೂ ಸಂಶೋಧಕನ ಧರ್ಮ. ಪಟ್ಟಿಯನ್ನು ಕೂಡಿಸಿದೆ. ಒಂದು, ನಾಲ್ಕು, ಒಂದು: ಆರು. ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ. ಆರೇ! ಕಮಲಳ ಕೈಗೆ ಕೊಟ್ಟೆ.

“ನನಗೂ ಆರೇ ಬಂತು,” ಎಂದಳು ಅವಳು. “ಆದರೆ ಕೂಡಿದ ಮೇಲೂ ಏನೂ ಕಾಣಿಸ್ತಿಲ್ವಲ್ಲಾರೀ?”

ಇನ್ನೂ ಖಾರವಾಗಿ ಬರೆದೆ. ಮತ್ತೊಂದು ಕಾರ್ಡು: “ಪಟ್ಟಿ ಕೂಡಿಸ್ರಿ ಅಂತ ಹೇಳೇವಲ್ರಿ? ಆಗದಿದ್ರ ಪಟ್ಟಿ ತಗೊಂಡು ಖುದ್ದ ಬರ್ರಿ.”

ಅಂದು ಶುಕ್ರವಾರ. ನಿಶಾ ಬಾಗಿಲಲ್ಲಿ ನಿಂತಿದ್ದಳು. “ಅಂಕಲ್, ಸಂಡೇ ಪಪ್ಪಾ ಬರ್ತಾರೆ. ಹೋ ಜಾಯೇಗಾ ನಾ?”

“ಆಗುತ್ತದೆ,” ಎಂದೆ. 

ಮರುದಿನ ಆಟಿಕೆಯನ್ನು ಚೀಲಕ್ಕೆ ಹಾಕಿಕೊಂಡು, ಲೋಕಲ್ ರೈಲು ಹಿಡಿದು ಮಾಹಿಮ್‌ನಲ್ಲಿ ಇಳಿದು ಧಾರಾವಿಗೆ ನಡೆದೆ. ಜಾಹೀರಾತಿನ ಘನವಾದ ಕಂಪನಿಯೆಂದರೆ, ಚರ್ಮದ ಚೀಲ ಹೊಲಿಯುವವರ ಮೇಲೆ, ಏಣಿ ಹತ್ತಿ ಹೋಗುವ ಒಂದು ಮಾಳಿಗೆ! ಅಲ್ಲಿ ಮೇಜಿನ ಮುಂದೆ ಕುಳಿತಿದ್ದವನೇ ಕಾರ್ಡು ಬರೆದ ಮಹಾನುಭಾವ, ವಿಜಾಪುರದ ಕಡೆಯ ಮಲ್ಲಪ್ಪ.

“ಬರ್ರಿ ಸಾಹೇಬ್ರ, ಕುಂದರ್ರಿ. ಪಟ್ಟಿ ತಂದೀರೇನ್ರಿ?”

“ತಂದಿದ್ದೇನೆ!” ಎಂದು ಗುಡುಗಿ, ಆ ಟೈಪು ಮಾಡಿದ ಪಟ್ಟಿಯನ್ನೂ, ಅದರ ಜೊತೆಗೆ ನಾನೇ ಸಿದ್ಧಪಡಿಸಿದ, ಪ್ರತಿಯೊಂದು ಪತ್ರ ಹೋದ, ಬಂದ ತಾರೀಖುಗಳ ನಾಲ್ಕು ಪುಟಗಳ ಪಟ್ಟಿಯನ್ನೂ ಮೇಜಿಗೆ ಬಡಿದೆ.

ಮಲ್ಲಪ್ಪ ಹಾಳೆಗಳನ್ನು ತಿರುವಿ ಹಾಕಿದ. “ಇದು ಕಾಗದ ಐತಲ್ರಿ. ಪಟ್ಟಿ ಎಲ್ಲೈತ್ರಿ?”

“ಇದೇ ಪಟ್ಟಿ! ಕೂಡಿಸಿಯೂ ಆಗಿದೆ! ಆರು! ಕನೆಕ್ಟರ್ ನುಂಗಿದವರು ನೀವು. ಅದರ ಬದಲಿಗೆ ನೀವು ಕಳಿಸಿದ ಈ ದರಿದ್ರ ರಬ್ಬರು ನೋಡಿ. ಒಂದು ಇಸವಿಯನ್ನು ಅಳಿಸುವ ಯೋಗ್ಯತೆಯೂ ಇದಕ್ಕಿಲ್ಲ!”

ಜೇಬಿನಿಂದ ತೆಗೆದ ರಬ್ಬರನ್ನು ಆತ ಬೆಳಕಿಗೆ ಹಿಡಿದು ನೋಡಿದ. ಒಂದು ತುದಿ ಉಜ್ಜಿ ಉಜ್ಜಿ ಮೊಂಡಾಗಿತ್ತು.

“ಅಯ್ಯ ಶಿವನ! ಇದ ಅಲ್ರೀ ಪಟ್ಟಿ, ಇದ ನಿಮ್ಮ ಕನೆಕ್ಟರ್! ಇದನ್ನ ಗ್ಲಾಸಿಗೂ ಬೋರ್ಡಿಗೂ ನಡುವ ಕೂಡಿಸಬೇಕ್ರಿ. ಕರೆಂಟ್ ಇದರಾಗಿಂದ ಹೋಗ್ತೈತ್ರಿ. ನೀವ್ ಇದನ್ನ... ಸಾಹೇಬ್ರ, ಇದರಿಂದ ಅಳಿಸಿದಿರೇನ್ರಿ?”

ಕೆಳಗೆ ಚೀಲ ಹೊಲಿಯುವ ಮಷಿನುಗಳ ಸದ್ದು ನಿಂತಿತು. ಆತ ಏಣಿಯ ಕಿಂಡಿಯಿಂದ ಬಗ್ಗಿ ಹಿಂದಿಯಲ್ಲಿ ಅವರಿಗೂ ವಿಷಯ ತಿಳಿಸಿದ್ದ. ಧಾರಾವಿಯ ಆ ಗಲ್ಲಿ ನಕ್ಕ ಪರಿಯನ್ನು ನಾನು ವರ್ಣಿಸಲಾರೆ.

ಪಟ್ಟಿ ಎಂದರೆ ಕಡ್ಡಿಯಂಥ ಉದ್ದನೆಯ ತುಂಡು, ಕೂಡಿಸುವುದೆಂದರೆ ಕೂರಿಸುವುದು! ಆ ಸೀಮೆಯ ಶಾಸನಗಳನ್ನು ಓದಿ ಓದಿ ಕಣ್ಣು ಕಳೆದುಕೊಂಡವನಿಗೆ ಆ ಸೀಮೆಯ ಒಂದು ಕಾರ್ಡು ಓದಲು ಬರಲಿಲ್ಲ. ಕೋಪ ಇನ್ನೂ ಇತ್ತು. ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ.

ಮಲ್ಲಪ್ಪ ಬೇರೊಂದು ಪಟ್ಟಿ ತೆಗೆದು, ಗಾಜಿನ ಅಂಚು ಒರೆಸಿ, ಕೂರಿಸಿ, ಸ್ಕ್ರೂ ಬಿಗಿದ. ನನಗೆಂದು ತರಿಸಿದ ಚಹಾ ಆರುವುದರೊಳಗೆ ಕಪ್ಪು ಮನುಷ್ಯ ತಲೆ, ಬುಟ್ಟಿ ಸಮೇತ ಪ್ರತ್ಯಕ್ಷನಾದ.

ಭಾನುವಾರ ಮಧ್ಯಾಹ್ನ ಕಮಲಳ ಜೊತೆ ಮೇಲಿನ ಮನೆಗೆ ಹೋದಾಗ ತಂದೆ, ಮಗಳು ನೆಲದ ಮೇಲೆ ಕುಳಿತು ಆಡುತ್ತಿದ್ದರು. ತಂದೆ ಸೋಲುತ್ತಿದ್ದರು. “ಅಂಕಲ್ ರಿಪೇರಿ ಮಾಡಿದ್ದು, ಪಪ್ಪಾ!” ಎಂದಳು ನಿಶಾ. ನಾನು ತಿದ್ದಲಿಲ್ಲ. ಕಮಲ ನನ್ನನ್ನು ಒಮ್ಮೆ ನೋಡಿ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದಳು. ನಿಶಾ ಮತ್ತೂ ಉತ್ಸಾಹದಿಂದ, “ಮಮ್ಮಿ, ನಿನ್ನ ಮಿಕ್ಸರ್ ಬಂದ್ ಆಗಿದೆಯಲ್ಲ, ಅಂಕಲ್‌ಗೆ ಕೊಡು ನಾ!” ಎಂದಳು.

ಅವಳ ತಾಯಿ ಸುಮತಿ ಒಳಗಿನಿಂದ ಓಡಿಬಂದರು. “ಛೇ ಛೇ, ಎಂತ ಹೇಳ್ತಿ ನೀನು! ಮಿಕ್ಸರಿಗೆ ಎಂತದೂ ಆಗಲಿಲ್ಲ, ಸರಿ ಉಂಟು. ನಿಮಗೆ ಯಾಕೆ ಸುಮ್ಮನೆ ತೊಂದರೆ, ಸರ್?”

ಮರುದಿನ ಸೋಮವಾರದಿಂದ ಮುಂದಿನ ಸೋಮವಾರದವರೆಗೆ, ನಮ್ಮ ತಲೆಯ ಮೇಲೆ ರುಬ್ಬುವ ಕಲ್ಲು ಗಡಗಡ ತಿರುಗುತ್ತಿತ್ತು. ಒಟ್ಟು ಎಂಟು ದಿನ. ದಿನಚರಿ ನೋಡಿಯೇ ಹೇಳುತ್ತಿದ್ದೇನೆ.