ಸಾಹೇಬರು ಖಾಲಿ ಬಿಟ್ಟ ಕಾಲಂ

ನಿಮಿಷದ ಸಾಹೇಬರಿಗೆ ಹೆಂಡತಿಗೊಂದು ಥ್ಯಾಂಕ್ಸ್ ಹೇಳಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಅಡುಗೆಮನೆಗೆ ಹೋಗಿ ಹೇಳಿ, ಕುಡಿದ ಲೋಟ ತೊಳೆದಿಟ್ಟು ಹೊರಗೆ ಬರುತ್ತಿದ್ದರು. ಸಾಹೇಬರು ಅದಕ್ಕೊಂದು ವೇಳಾಪಟ್ಟಿ ಹಾಕಿದರು.

ಅದು ಅವರ ಕಸುಬು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷದಿಂದ ಅವರು ವೇಳಾಪಟ್ಟಿ ಬರೆಯುತ್ತಿದ್ದಾರೆ. ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಎಷ್ಟಕ್ಕೆ ಮರಳಬೇಕು, ಎಲ್ಲ ಅವರ ಪೆನ್ಸಿಲ್ಲಿನ ತುದಿಯಲ್ಲಿ. ಡ್ರೈವರುಗಳೆಲ್ಲ ಪ್ರೀತಿಯಿಂದಲೋ ಹೊಟ್ಟೆಯುರಿಯಿಂದಲೋ ಅವರಿಗೆ 'ನಿಮಿಷದ ಸಾಹೇಬರು' ಎಂದು ನಾಮಕರಣ ಮಾಡಿದ್ದರು. ಪಟ್ಟಿಯ ಕೊನೆಯ ಕಾಲಂ ಮಾತ್ರ ಅವರದ್ದಲ್ಲ. ಅದು 'ಚಾಲಕ' ಕಾಲಂ. ಅದನ್ನು ತುಂಬುವುದು ಪಕ್ಕದ ಮೇಜಿನವರ ಕೆಲಸ. ಮೂವತ್ತೊಂದು ವರ್ಷವೂ ಸಾಹೇಬರು ಅದನ್ನು ಖಾಲಿ ಬಿಟ್ಟು ಫೈಲನ್ನು ಪಕ್ಕಕ್ಕೆ ತಳ್ಳುತ್ತಲೇ ಬಂದಿದ್ದರು. (ಈ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಿ. ಸಾಹೇಬರು ಇಟ್ಟುಕೊಳ್ಳಲಿಲ್ಲ.)

ಇನ್ನು ಥ್ಯಾಂಕ್ಸ್ ಯಾಕೆಂದರೆ, ಸಾಹೇಬರ ಹೊಟ್ಟೆ. ಎರಡು ವರ್ಷದ ಹಿಂದೆ ಅದು ಮುಷ್ಕರ ಹೂಡಿ, ಆಪರೇಷನ್ ಆಗಿ, ಇಪ್ಪತ್ತು ತಿಂಗಳು ಉಪ್ಪು, ಹುಳಿ, ಖಾರ ಮೂರೂ ಬಂದ್ ಆಗಿದ್ದವು. ಬೇಯಿಸಿದ ತರಕಾರಿ, ತೆಳ್ಳನೆಯ ಗಂಜಿ, ಮತ್ತೆ ಬೇಯಿಸಿದ ತರಕಾರಿ. ಸಾಹೇಬರು ದಿನವೂ ತಟ್ಟೆಯ ಮುಂದೆ ಕೂತು ತಮ್ಮ ಹಣೆಬರಹವನ್ನು ಬೈದುಕೊಂಡರೇ ಹೊರತು, ಎದುರಿನ ತಟ್ಟೆಯಲ್ಲಿ ಏನಿದೆ ಎಂದು ನೋಡಲಿಲ್ಲ. ಕೊನೆಗೆ ಡಾಕ್ಟರು "ಇನ್ನು ಎಲ್ಲಾ ತಿನ್ನಬಹುದು" ಎಂದ ದಿನ, ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲೇ ಇರುವ ಅತ್ತೆ ಹೇಳಿದರು, "ಸದ್ಯ! ನನ್ನ ಮಗಳೂ ಇನ್ನು ಉಪ್ಪು ತಿಂತಾಳೆ." ಸಾಹೇಬರ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಇಪ್ಪತ್ತು ತಿಂಗಳು ಅವಳೂ ಅದೇ ಸಪ್ಪೆ ಗಂಜಿಯನ್ನು ತಿಂದಿದ್ದಳು, ತುಟಿ ಪಿಟಕ್ಕೆನ್ನದೆ.

ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಒಂದು ಹಳೆಯ ಪತ್ರಿಕೆ ಅವರ ಕೈಗೆ ಸಿಕ್ಕಿತು. ಊರಾಚೆ ಗುಡ್ಡದ ಕಡೆ ಸಣ್ಣ ಸಣ್ಣ ವೈನರಿಗಳಿವೆ, ಮಾಲೀಕರೇ ದ್ರಾಕ್ಷಿ ಬೆಳೆದು, ಹಿಂಡಿ, ವೈನು ಮಾಡಿ, ಸೋಸಿ, ತಾವೇ ಸುರಿದು ಕೊಡುತ್ತಾರೆ, ಆ ರುಚಿಯನ್ನು ಜನ್ಮದಲ್ಲಿ ಮರೆಯಲಾಗದು ಎಂದು ಬರೆದಿತ್ತು. ರುಚಿ! ಕಳೆದುಕೊಂಡದ್ದನ್ನೇ ವಾಪಸು ಕೊಡಿಸಬೇಕು. ಸಾಹೇಬರ ತಲೆಯಲ್ಲಿ ಬಸ್ಸು ಹೊರಟೇಬಿಟ್ಟಿತು.

ನಾಲ್ಕು ವೈನರಿಗಳಿಗೆ ಫೋನ್ ಮಾಡಿದರು. ಒಬ್ಬರು, "ಯಾವಾಗ ಬೇಕಾದ್ರೂ ಬನ್ನಿ, ನಾನು ತೋಟದಲ್ಲೇ ಎಲ್ಲೋ ಇರ್ತೀನಿ, ಒಂದು ಕೂಗು ಹಾಕಿ" ಎಂದರು.

"ಎಷ್ಟು ಗಂಟೆಗೆ ಕೂಗಲಿ?" ಎಂದರು ಸಾಹೇಬರು.

ಹನ್ನೊಂದು ಸಲ ತಿದ್ದಿದ ಮೇಲೆ ಪಟ್ಟಿ ಫ್ರಿಜ್ಜಿನ ಬಾಗಿಲೇರಿತು. ಮೊದಲ ವೈನರಿ, ಆಗಮನ 9.40. ಮೂಸಲು ಮೂರು ನಿಮಿಷ, ಗುಟುಕಿಗೆ ಎರಡು, ಮುಖಭಾವಕ್ಕೆ ಒಂದು, ಮೆಚ್ಚುಗೆಗೆ ನಾಲ್ಕು. ನಾಲ್ಕನೆಯ ವೈನರಿಯ ಸಾಲಿನಲ್ಲಿ ಮೆಚ್ಚುಗೆಯ ಮುಂದೆ 'ಇತರೆ: 5 ನಿ.' ಎಂದಿತ್ತು.

"ರೀ, ಇದೇನಿದು ಇತರೆ?" ಹೆಂಡತಿ ಕೇಳಿದಳು. ಅವಳು ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಕೊರಳಲ್ಲಿ ಅಳತೆಯ ಟೇಪು, ಮನುಷ್ಯರನ್ನು ನೋಡಿದೊಡನೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಕಣ್ಣು.

"ಏನೋ ಒಂದು. ಪಟ್ಟಿ ಅಂದ್ಮೇಲೆ ಇತರೆ ಇರ್ಬೇಕು ಕಣೇ."

"ನಾನೂ ಬರ್ತೀನಿ," ಒಳಗಿನಿಂದ ಅತ್ತೆಯ ದನಿ ಬಂತು. "ಎಪ್ಪತ್ತೆರಡು ವರ್ಷ ಆಯ್ತು, ದ್ರಾಕ್ಷಿ ಬರೀ ತಿಂದಿದ್ದೇ ಬಂತು."

ಮುಂದಿನ ಒಂದು ತಿಂಗಳು ಸಾಹೇಬರು ಸಂಜೆಯ ಹೊತ್ತು ಗಾಜಿನ ಲೋಟದಲ್ಲಿ ನೀರು ಹಾಕಿಕೊಂಡು ಅಭ್ಯಾಸ ಮಾಡಿದರು. ಲೋಟವನ್ನು ಗಿರಗಿರನೆ ತಿರುಗಿಸಿ, ಮೂಗನ್ನು ಒಳಗಿಳಿಸಿ, ಒಂದು ಗುಟುಕನ್ನು ಸೊರ್ರೆಂದು ಎಳೆದು, ಬಾಯಿತುಂಬ ಉರುಳಿಸಿ ಕಣ್ಣು ಮುಚ್ಚುತ್ತಿದ್ದರು. ಪಕ್ಕದ ಮನೆಯವರು ಗಂಟಲಿಗೇನಾಗಿದೆ ಎಂದು ವಿಚಾರಿಸಿ ಹೋದರು.

"ಆ ನೀರಲ್ಲಿ ಏನ್ರೀ ಸಿಗುತ್ತೆ ನಿಮಗೆ?"

"ಮೊದಲು ಸ್ವಲ್ಪ ಪೈಪು. ಆಮೇಲೆ ಟ್ಯಾಂಕು," ಎಂದರು ಸಾಹೇಬರು ಗಂಭೀರವಾಗಿ.

ಆ ಭಾನುವಾರ ಬಂತು. ಸಾಹೇಬರು ತಮ್ಮ ಪುಟ್ಟ ಕಾರನ್ನು ತಾವೇ ಓಡಿಸಿಕೊಂಡು 9.38ಕ್ಕೆ ಮೊದಲ ವೈನರಿ ತಲುಪಿದರು. (ಎರಡು ನಿಮಿಷ ಕಾರಿನಲ್ಲೇ ಕೂತಿದ್ದರು.) ತಗಡಿನ ಮಾಡಿನ ಒಂದು ಶೆಡ್ಡು, ಒಳಗೆ ಸಾಲು ಪೀಪಾಯಿ, ಒದ್ದೆ ನೆಲ, ಹುಳಿಮಿಶ್ರಿತ ಸಿಹಿ ವಾಸನೆ. ಮಾಲೀಕಳು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ ದಪ್ಪ ಹೆಂಗಸು. ಉಗುರಿನ ಸಂದಿಯಲ್ಲೆಲ್ಲ ನೇರಳೆ ಬಣ್ಣ. ಮೂರು ಗಾಜಿನ ಲೋಟ ಒರೆಸಿ, ಎರಡೆರಡು ಗುಟುಕು ಸುರಿದಳು.

ಸಾಹೇಬರು ಲೋಟ ಎತ್ತಿದರು. ತಿರುಗಿಸಿದರು. ಮೂಸಿದರು. ತಿಂಗಳಿಡೀ ಕಾದ ನಾಲಿಗೆ ತುದಿಗಾಲಲ್ಲಿ ನಿಂತಿತು.

"ಅಂದಹಾಗೆ ಗಾಡಿ ಓಡಿಸೋರು ಯಾರು?" ಮಾಲೀಕಳು ಕೇಳಿದಳು. "ಅವರಿಗೆ ನಾನು ಒಂದು ಹನಿ ಕೂಡ ಕೊಡಲ್ಲ. ಗುಡ್ಡದ ರಸ್ತೆ."

ಸಾಹೇಬರು ಅಭ್ಯಾಸಬಲದಿಂದ ಪಕ್ಕದ ಮೇಜಿನತ್ತ ತಿರುಗಿದರು. ಪಕ್ಕದಲ್ಲಿ ಮೇಜಿರಲಿಲ್ಲ, ಪೀಪಾಯಿಯಿತ್ತು. ಜೇಬಿನಿಂದ ಪಟ್ಟಿ ತೆಗೆದರು. ನಾಲ್ಕು ವೈನರಿ, ನಾಲ್ಕು ಸಾಲು. ಕೊನೆಯ ಕಾಲಂ ನಾಲ್ಕು ಸಾಲಿನಲ್ಲೂ ಖಾಲಿ. ಇನ್ನೂರು ಬಸ್ಸುಗಳನ್ನು ದಿನವೂ ಮನೆ ಸೇರಿಸುವ ಮಹಾನುಭಾವರು ಒಂದೇ ಒಂದು ಕಾರಿಗೆ ಡ್ರೈವರನ್ನು ಮರೆತಿದ್ದರು. ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲ. ಅತ್ತೆಯ ವಿಷಯ ಬಿಡಿ.

ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಅವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗದ್ಗದಿತರಾದರು. "ನೋಡೇ, ಎಂಥ ಗಂಡ ಸಿಕ್ಕಿದ್ದಾರೆ ನಿಂಗೆ! ತಾನು ಮುಟ್ಟದೆ ನಮಗೆ ರುಚಿ ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದಿದ್ದಾರೆ!"

ಸಾಹೇಬರು ಒಂದು ಕ್ಷಣ ಯೋಚಿಸಿದರು. ಹೆಡ್ಡರಾಗುವುದೋ, ತ್ಯಾಗಮೂರ್ತಿಯಾಗುವುದೋ? ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ನೀವು ಖುಷಿಪಟ್ರೆ ಸಾಕು ಅತ್ತೆ" ಎಂದು ಉಗುಳು ನುಂಗಿದರು. ಹೆಂಡತಿ ಅವರನ್ನೊಮ್ಮೆ ಮೇಲಿಂದ ಕೆಳಗೆ ಅಳೆದಳು. ಗುಟುಕು ಹೀರಿದಳು.

ಹೀರಿದವಳು ಪೀಪಾಯಿಗೆ ಕೈಯೂರಿ ನಿಂತಳು. ಸಾಹೇಬರಿಗೆ ಗಾಬರಿಯಾಯಿತು.

"ರೀ," ಎಂದಳು, ಕಣ್ಣು ಒದ್ದೆಯಾಗಿತ್ತು. "ನಂಗೊಂದು ನಾಲಿಗೆ ಇದೆ ಅನ್ನೋದೇ ಮರ್ತೋಗಿತ್ತು."

ಆಮೇಲೆ ಆ ನಾಲಿಗೆ ನಿಲ್ಲಲಿಲ್ಲ. ಎರಡನೆಯ ಬಾಟಲಿಯದನ್ನು ಸವಿದು, "ಇದು ಅಸ್ತರು ಹಾಕದ ಕೋಟಿನ ಹಾಗಿದೆ, ಹೊರಗೆ ಚೆಂದ, ಒಳಗೆ ಚುಚ್ಚುತ್ತೆ" ಎಂದಳು. ಮಾಲೀಕಳು ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಅಮ್ಮಾ, ಅದನ್ನ ನಾನು ಮಾಗೋಕೆ ಆರು ತಿಂಗಳು ಬಾಕಿ ಇರುವಾಗ್ಲೇ ಬಾಟಲಿಗೆ ತುಂಬಿಬಿಟ್ಟೆ. ಇಷ್ಟು ದಿನ ಯಾರೂ ಕಂಡುಹಿಡೀಲಿಲ್ಲ. ಬನ್ನಿ ನನ್ ಜೊತೆ." ಹೊರಗಿನವರನ್ನು ಬಿಡದ ಒಳಕೋಣೆಗೆ ಕರೆದೊಯ್ದು, ಪೀಪಾಯಿಯಿಂದಲೇ ನಳಿಗೆಯಲ್ಲಿ ಎತ್ತಿ ಕೊಟ್ಟಳು. ಒಂದು "ಬಟ್ಟೆಯ ಹೊಸ ಥಾನು ಬಿಚ್ಚಿದ ಹಾಗೆ", ಇನ್ನೊಂದು "ಇಸ್ತ್ರಿ ಮಾಡಿದ ತಕ್ಷಣ ತೊಟ್ಟ ಹಾಗೆ". ಮಾಲೀಕಳು ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ ಅದನ್ನೆಲ್ಲ ಬರೆದುಕೊಂಡಳು. ಅತ್ತೆ ಎಲ್ಲದಕ್ಕೂ "ಇದು ಇನ್ನೊಂದು ಸಲ ನೋಡ್ಬೇಕು" ಎಂಬ ಒಂದೇ ಅಭಿಪ್ರಾಯ ಕೊಟ್ಟರು.

ಹತ್ತು ನಿಮಿಷದ ನಿಲುಗಡೆ ಎರಡೂವರೆ ಗಂಟೆಯಾಯಿತು. ಸಾಹೇಬರು ಬೆಂಚಿನ ಮೇಲೆ ಕೂತು, ಮಾಲೀಕಳು ಕೊಟ್ಟ ನೀರನ್ನು ಲೋಟದಲ್ಲಿ ಗಿರಗಿರನೆ ತಿರುಗಿಸಿ ಸೊರ್ರೆಂದು ಎಳೆದರು. ಪಟ್ಟಿಯ ವೇಳೆಯೆಲ್ಲ ಚಿಂದಿಯಾಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅದರಿಂದ ಅವರಿಗೆ ಹೊಟ್ಟೆ ನೋಯಲಿಲ್ಲ. ಒಳಗಿನಿಂದ ಹೆಂಡತಿಯ ನಗು ಕೇಳುತ್ತಿತ್ತು. ಆ ಇಪ್ಪತ್ತು ತಿಂಗಳಲ್ಲಿ ಅಂಥ ನಗು ಕೇಳಿದ ನೆನಪು ಅವರಿಗಿರಲಿಲ್ಲ.

ಎರಡನೆಯ ವೈನರಿಯಲ್ಲೂ ಅದೇ ಕಥೆ. ಅಲ್ಲಿನ ಮುದುಕ ಮಾಲೀಕರು "ನಿಮ್ಮ ಡ್ರೈವರಿಗೆ ಹೊರಗೆ ನೆರಳಿದೆ" ಎಂದರು. ಹೆಂಡತಿ ತಿದ್ದಲಿಲ್ಲ. ಮೂರು, ನಾಲ್ಕನೆಯ ವೈನರಿಗಳಿಗೆ ಹೊತ್ತೇ ಉಳಿಯಲಿಲ್ಲ. ನಾಲ್ಕನೆಯದರ ಜೊತೆಗೆ, ಥ್ಯಾಂಕ್ಸಿಗೆಂದು ಇಟ್ಟಿದ್ದ 'ಇತರೆ'ಯೂ ಹೋಯಿತು.

ಸಂಜೆಯ ಬಿಸಿಲಲ್ಲಿ ಗುಡ್ಡ ಇಳಿಯುವಾಗ ಸಾಹೇಬರಿಗೆ ಇದೇ ಚಿಂತೆ. ಇಂದು ಬಿಟ್ಟರೆ ಇನ್ನೊಂದು ಇಪ್ಪತ್ತು ವರ್ಷ ಹೇಳಲಾರೆನೆಂದು ಅವರಿಗೆ ಗೊತ್ತಿತ್ತು. ರಸ್ತೆಯನ್ನೇ ನೋಡುತ್ತ ಶುರುಮಾಡಿದರು.

"ನೋಡು... ಆ ಗಂಜಿ. ನೀನು ಬೇರೆ ಮಾಡ್ಕೊಂಡು ತಿನ್ನಬಹುದಿತ್ತು. ತಿನ್ಲಿಲ್ಲ. ನಾನು ತಟ್ಟೆ ನೋಡ್ಕೊಂಡು ಗೊಣಗ್ತಾನೇ ಇದ್ದೆ. ನೀನಿಲ್ದಿದ್ರೆ ನಾನು ಎದ್ದು ಕೂರ್ತಿರ್ಲಿಲ್ಲ. ಅದನ್ನ ಹೇಳ್ಬೇಕಿತ್ತು. ಥ್ಯಾಂಕ್ಸ್ ಕಣೇ."

ತಿರುಗಿ ನೋಡಿದರೆ ಹೆಂಡತಿ ಸೀಟಿಗೊರಗಿ ಕಣ್ಣು ಮುಚ್ಚಿದ್ದಾಳೆ.

"ಅಳಿಯಂದ್ರೇ," ಹಿಂದಿನಿಂದ ಅತ್ತೆ ಮೂಗೊರೆಸಿಕೊಂಡರು, "ಬಹಳ ಚೆನ್ನಾಗಿ ಹೇಳಿದ್ರಿ. ಆದ್ರೆ ಅವಳು ನಿದ್ದೆ ಮಾಡ್ತಿದ್ದಾಳೆ."

"ಸುಮ್ನಿರಮ್ಮಾ," ಎಂದಳು ಹೆಂಡತಿ, ಕಣ್ಣು ಮುಚ್ಚಿಕೊಂಡೇ. "ಇತರೆಯ ಐದು ನಿಮಿಷದಲ್ಲಿ ಇನ್ನೂ ನಾಲ್ಕು ಬಾಕಿ ಇದೆ. ಹೇಳ್ಲಿ."

ಸಾಹೇಬರು ಹೇಳಿದರು. ಆರು ನಿಮಿಷವಾಯಿತು.

ಮರುದಿನ ಬೆಳಿಗ್ಗೆ ತ್ಯಾಗಮೂರ್ತಿಗಳು ಎದೆಯುಬ್ಬಿಸಿಕೊಂಡು ಅಡುಗೆಮನೆಗೆ ಬಂದರು. ಫ್ರಿಜ್ಜಿನ ಬಾಗಿಲಲ್ಲಿ ಅದೇ ಪಟ್ಟಿ, ಮಡಿಕೆ ಬಿಡಿಸಿ ಮತ್ತೆ ಅಂಟಿಸಲಾಗಿತ್ತು. 'ಇತರೆ'ಯ ಮುಂದೆ ಬಟ್ಟೆ ಗುರುತಿಸುವ ನೀಲಿ ಪೆನ್ಸಿಲ್ಲಿನಲ್ಲಿ ಒಂದು ಸರಿ ಗುರುತು. ಕೊನೆಯ ಕಾಲಂ ನಾಲ್ಕು ಸಾಲಿನಲ್ಲೂ ತುಂಬಿತ್ತು: 'ಯಜಮಾನರು (ಖಾಯಂ).'

"ಇದು ಖಾಲಿ ಇದೆ ಅಂತ ನಿಂಗೆ..." ಸಾಹೇಬರ ಎದೆ ಇಳಿಯಿತು.

"ಅಂಟಿಸಿದ ದಿನವೇ ಗೊತ್ತಿತ್ತು. ಹೇಳಿದ್ರೆ ಹನ್ನೆರಡನೇ ಸಲ ಬರೀತಿದ್ರಿ," ಎಂದಳು ಹೆಂಡತಿ, ಅವರ ತಟ್ಟೆಯ ಪಕ್ಕ ಉಪ್ಪಿನ ಡಬ್ಬಿ ಇಡುತ್ತ.

"ಅಳಿಯಂದ್ರೇ," ಒಳಗಿನಿಂದ ಅತ್ತೆ ಕೂಗಿದರು, "ಉಳಿದಿರೋ ಎರಡಕ್ಕೂ ಮುಂದಿನ ಭಾನುವಾರ ಅಂತ ಫೋನ್ ಮಾಡಿ ಆಯ್ತು. ಡ್ರೈವರ್ ನಮ್ಮೋರೇ ಇದ್ದಾರೆ, ಒಂದು ಹನಿ ಮುಟ್ಟಲ್ಲ ಅಂತಾನೂ ಹೇಳಿದ್ದೀನಿ."

ಸಾಹೇಬರು ಹೋಗಿ ತಮ್ಮ ಗಾಜಿನ ಲೋಟ ತೊಳೆದಿಟ್ಟರು.