ನೂರ ಎಪ್ಪತ್ತೊಂಬತ್ತನೆಯ ಗೆರೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನೆಟ್ಟಗೆ ನಿಂತಿದ್ದ ಒಂದು ಗೆರೆ.

ನಲ್ಲಿ ಸಂಪರ್ಕದ ಕಚೇರಿಯ ಹೆಡ್ ಕ್ಲರ್ಕರಿಗೆ ಹನ್ನೊಂದು ವರ್ಷ ಕಾದ ಮೇಲೆ ಸ್ವಂತ ಕೋಣೆ ಮಂಜೂರಾಗಿತ್ತು. ಚಾವಣಿ ಮುಟ್ಟುವ ಮರದ ಗೋಡೆ, ಒಂದು ಬಾಗಿಲು, ಒಳಗಿನಿಂದ ಚಿಲಕ. ಇನ್ನು ಯಾರೂ ಬಂದು ತಲೆ ತಿನ್ನುವಂತಿಲ್ಲ ಎಂದು ನೆನೆದಾಗ ಅವರ ಕಣ್ಣಲ್ಲಿ ನೀರೇ ಬಂದಿತ್ತು. ನಕ್ಷೆಯನ್ನೂ ತಾವೇ ಬರೆದರು. ತಮ್ಮ ಮುದಿ ಕಂಪ್ಯೂಟರಿನಲ್ಲಿ ಅಕ್ಷರಗಳ ಜೊತೆಗೇ ಸಿಗುವ ಅಡ್ಡಗೆರೆ, ಉದ್ದಗೆರೆ, ಮೂಲೆಗೆರೆಗಳನ್ನು ಒಂದೊಂದಾಗಿ ಒತ್ತಿ ಜೋಡಿಸಿದರು.

“ಫೋಟೋ ತೆಗೆದು ಕಳಿಸಿ ಸಾರ್,” ಎಂದರು ಕಂಪ್ಯೂಟರ್ ನೋಡಿಕೊಳ್ಳುವ ಮೇಡಂ. “ಆ ಗೆರೆಗಳು ಬೇರೆ ಮಷೀನಿಗೆ ಹೋದ್ರೆ ಏನಾಗುತ್ತೋ ಹೇಳೋಕಾಗಲ್ಲ.”

“ಗೆರೆ ಅಂದ್ರೆ ಗೆರೆ ಕಣಮ್ಮಾ. ದಾರೀಲಿ ಬಟ್ಟೆ ಬದಲಾಯಿಸುತ್ತಾ?”

ನಕ್ಷೆ ಬಡಗಿಯ ಕಂಪ್ಯೂಟರಿಗೆ ಹೋಯಿತು. ಹಿಂದೆಯೇ ಫೋನಿನಲ್ಲಿ ತಾಕೀತು: “ಅಲ್ಲಿ ಇರೋ ಹಾಗೇ ಆಗ್ಬೇಕು. ಅದೇನು ಇದೇನು ಅಂತ ಕೇಳ್ಕೊಂಡು ನನ್ನ ಹತ್ರ ಬರ್ಬೇಡಿ.”

ಬಡಗಿ ಬಂದಾಗ ಹೆಡ್ ಕ್ಲರ್ಕರು ಕೆಳಗಿನ ದಾಖಲೆ ಕೋಣೆಯಲ್ಲಿ ಕಡತ ಕಟ್ಟುತ್ತ ಕೂತಿದ್ದರು. ಮೇಲಿನಿಂದ ಬರುತ್ತಿದ್ದ ಸುತ್ತಿಗೆಯ ಸದ್ದಿಗೆ ಅವರ ತಲೆ ತಾನಾಗಿ ತೂಗುತ್ತಿತ್ತು.

ಮೇಲೆ ಬಡಗಿ ಮುದ್ರಿಸಿ ತಂದ ಕಾಗದ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ. ಎಡಬಲಕ್ಕೆ ಸಾಲಾಗಿ ಪುಟ್ಟ ಪುಟ್ಟ ಮೂರು. ಮೇಲೆ ಕೆಳಗೆ ಸಾಲಾಗಿ, ನೆತ್ತಿಯ ಮೇಲೆ ಎರಡು ಚುಕ್ಕೆ ಹೊತ್ತ ಇಂಗ್ಲಿಷ್ ‘ಎ’. ಒಂದು ಮೂಲೆಯಲ್ಲಿ ತಲೆಕೆಳಗಾದ ಪ್ರಶ್ನೆ ಚಿಹ್ನೆ.

“ಮೂರು ಅಂದ್ರೆ ಮೂರಡಿ ಗೋಡೆ, ಸರಿ. ಈ ಚುಕ್ಕೆ ಏನು?”

“ಕಾಲು ಅಗಲಿಸಿ ನಿಂತಿರೋದು ಬೆಂಚು,” ಎಂದ ಪಕ್ಕದ ಮೇಜಿನ ಗುಮಾಸ್ತ. “ಮೇಲಿರೋದು ಎರಡು ತಲೆ. ಇಬ್ಬಿಬ್ಬರು ಕೂರೋ ಬೆಂಚು ಕಣಯ್ಯಾ!”

ಟೈಪಿಸ್ಟಮ್ಮ ಕನ್ನಡಕ ಏರಿಸಿದರು. “ಪ್ರಶ್ನೆ ಅಂದ್ರೆ ವಿಚಾರಣೆ. ಹೊರಗಿನವರು ಓದ್ಲಿ ಅಂತ ತಿರುಗಿಸಿ ಹಾಕಿದ್ದಾರೆ. ಅಲ್ಲೊಂದು ಬೋರ್ಡು ಹೊಡಿ.”

ನಾಲ್ಕು ಗಂಟೆಗೆ ಮೇಲೆ ಬಂದ ಹೆಡ್ ಕ್ಲರ್ಕರು ಮೊದಲು ತಮ್ಮ ಚಿಲಕ ಹುಡುಕಿದರು. ಸೊಂಟದೆತ್ತರದ ಗೋಡೆ, ಸುತ್ತ ಬೆಂಚು, ‘ಇಲ್ಲಿ ವಿಚಾರಿಸಿ’ ಎಂಬ ಬೋರ್ಡು. ನಲ್ಲಿಯ ದೂರು ಹೊತ್ತು ಬಂದವರು ಆಗಲೇ ಬೆಂಚಿನ ತುಂಬ ಕೂತಿದ್ದರು.

ಅವರ ಕೂಗು ಕೇಳಿ ಬಂದ ಕಂಪ್ಯೂಟರ್ ಮೇಡಂ ಬಡಗಿಯ ಕಾಗದ ನೋಡಿದರು. “ಕಂಪ್ಯೂಟರಿಗೆ ಗೆರೆ ಗೊತ್ತಿಲ್ಲ ಸಾರ್, ಒಂದೊಂದು ಗುರುತಿಗೂ ಕೊಟ್ಟಿರೋ ನಂಬರ್ ಗೊತ್ತು. ನಿಮ್ಮ ಹಳೇ ಮಷೀನಿನ ಪಟ್ಟೀಲಿ ನೂರ ಎಪ್ಪತ್ತೊಂಬತ್ತು ಅಂದ್ರೆ ಉದ್ದಗೆರೆ. ಬಡಗಿಯ ಮಷೀನಿನ ಪಟ್ಟೀಲಿ ಅದೇ ನಂಬರ್ ಪುಟ್ಟ ಮೂರು. ಮಿಕ್ಕ ಗೆರೆಗಳದ್ದೂ ಇದೇ ಕತೆ.”

ಅಷ್ಟರಲ್ಲಿ ಮ್ಯಾನೇಜರು ಬಂದರು. “ಏನ್ರೀ ಇದು?”

ಹೆಡ್ ಕ್ಲರ್ಕರಿಗೆ ಹೋದ ಜೀವ ಬಂತು. ಈಗ ತಾನೇ ಕಲಿತದ್ದನ್ನು ಹುಟ್ಟಿದಾಗಿನಿಂದ ಬಲ್ಲವರ ಹಾಗೆ ಎದೆಯುಬ್ಬಿಸಿ ನಿಂತರು. “ಎರಡು ಬೀದಿ ಅಂದ್ಕೊಳ್ಳಿ ಸಾರ್. ಎರಡರಲ್ಲೂ ನೂರ ಎಪ್ಪತ್ತೊಂಬತ್ತನೇ ನಂಬರಿನ ಮನೆ ಇದೆ. ಹಳೇ ಬೀದಿ ಮನೇಲಿ ಗೆರೆ ವಾಸ, ಹೊಸ ಬೀದೀಲಿ ಮೂರು ವಾಸ. ನಾನು ಕಳಿಸಿದ್ದು ಬರೀ ಮನೆ ನಂಬರು. ಬೀದಿ ಯಾವುದು ಅಂತ ಕಂಪ್ಯೂಟರ್ ಕೇಳಲೇ ಇಲ್ಲ. ನನ್ನ ತಪ್ಪು ಎಲ್ಲಿ ಬಂತು?”

ಬೆಂಚಿನವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಒಬ್ಬರಂತೂ ಚಪ್ಪಾಳೆಯನ್ನೇ ತಟ್ಟಿದರು.

ಮ್ಯಾನೇಜರು ಬಡಗಿಯತ್ತ ತಿರುಗಿದರು. “ಗೋಡೆ ಎತ್ತರಿಸೋಕೆ ಎಷ್ಟು ಹೊತ್ತು?”

“ಹಲಗೆ ಇದೆ ಸಾರ್. ಸಂಜೆಯೊಳಗೆ ಮುಗಿಸ್ತೀನಿ.”

ಹೆಡ್ ಕ್ಲರ್ಕರ ಮುಖ ಅರಳಿತು.

“ಬೇಡ, ಬಿಡಿ,” ಎಂದರು ಮ್ಯಾನೇಜರು. “ಇಂಥ ಕಗ್ಗಂಟನ್ನ ಇಷ್ಟು ಜನಕ್ಕೆ ಒಂದೇ ಸಲಕ್ಕೆ ಅರ್ಥ ಮಾಡಿಸಿದ್ರಲ್ಲ! ಇಂಥವರನ್ನ ಗೋಡೆ ಹಿಂದೆ ಬಚ್ಚಿಟ್ರೆ ಜನರಿಗೆ ಅನ್ಯಾಯ. ಇವತ್ತಿಂದ ವಿಚಾರಣೆ ವಿಭಾಗಕ್ಕೆ ನೀವೇ.”

ಹೆಡ್ ಕ್ಲರ್ಕರು ಗೋಡೆಯೊಳಗಿನ ತಮ್ಮ ಕುರ್ಚಿಗೆ ಹೋಗಿ ಕೂತರು. ಮೊದಲ ಬೆಂಚಿನ ಅಜ್ಜಿ ಗೋಡೆಯ ಮೇಲಿಂದ ಬಗ್ಗಿದಳು.

“ಏನಪ್ಪಾ, ನನಗೆ ಎರಡನೇ ಬೀದೀಲೇ ದಾರಿ ತಪ್ಪಿತು. ಮೊದಲಿಂದ ಹೇಳು.”