ಮೆಲ್ಲಗೆ ಮಾತಾಡುವವರ ಮೆರವಣಿಗೆ

ನಾನು ಸಿಟ್ಟು ಬಾರದ ಮನುಷ್ಯ ಎಂಬ ಪ್ರಮಾಣಪತ್ರವೊಂದನ್ನು ನನಗೆ ನಾನೇ ಬಹಳ ಹಿಂದೆ ಕೊಟ್ಟುಕೊಂಡಿದ್ದೇನೆ. ಅದಕ್ಕೆ ಬೇರೆ ಯಾರೂ ಸಹಿ ಹಾಕಿಲ್ಲ. ಮನೆಯವಳನ್ನು ಒಮ್ಮೆ ಕೇಳಿದೆ. "ಒಲೆ ಮೇಲೆ ಹಾಲಿದೆ" ಎಂದು ಎದ್ದು ಹೋದಳು. ಹಾಲು ಇರಲಿಲ್ಲ, ನಾನು ನೋಡಿದೆ. ಇರಲಿ. ನಾನು ಶಾಂತ ಸ್ವಭಾವದವನು, ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಶಾಂತವಾಗಿರದ ಜನರನ್ನು ಕಂಡಾಗ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ರಾಜಕೀಯದ ಹೆಸರಿನಲ್ಲಿ ಗಂಟಲು ಹರಿದುಕೊಳ್ಳುವವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕಿವಿ ಹಿಂಡಿ, "ಸಮಾಧಾನ! ಸಮಾಧಾನ!" ಎಂದು ಕಿರುಚಬೇಕೆನಿಸುತ್ತದೆ. ಇಂಥ ನನ್ನನ್ನು ಸರ್ಕಾರ ಮೈಸೂರಿನಿಂದ ಎಲ್ಲಿಗೆ ವರ್ಗ ಮಾಡಬೇಕು? ಹಿಂದೆ ಮುಂದೆ ನೋಡದೆ ಕೇರಳಕ್ಕೆ ಮಾಡಿತು. ಅರವತ್ತರ ದಶಕದ ಕೇರಳ! ಅಲ್ಲಿ ಆಗ ಮಳೆ ವರ್ಷಕ್ಕೆ ಎರಡು ಸಲ, ಘೋಷಣೆ ದಿನಕ್ಕೆ ಎರಡು ಸಲ.

ಮೊದಲ ವರ್ಷ ತಿರುವನಂತಪುರದಲ್ಲಿದ್ದೆ. ಸೆಕ್ರೆಟೇರಿಯಟ್ಟಿನ ಹತ್ತಿರವೇ ಅಗ್ಗದ ರೂಮು ಸಿಕ್ಕಿತೆಂದು ಹಿಗ್ಗಿದ್ದೆ. ಅಗ್ಗವೇಕೆ ಎಂಬುದು ಮರುದಿನ ಬೆಳಿಗ್ಗೆ ಕಿಟಕಿಯ ಕೆಳಗೆ ತಿಳಿಯಿತು. ಅಧ್ಯಾಪಕರ ಜಾಥಾ, ಅದರ ಹಿಂದೆ ಗೋಡಂಬಿ ಕಾರ್ಖಾನೆಯವರ ಜಾಥಾ, ಅವರಿಬ್ಬರನ್ನೂ ಖಂಡಿಸುವವರ ಜಾಥಾ. ಮುಂದಿರುವವನು ಕೈಯೆತ್ತಿ ಏನು ಕೂಗಿದರೂ ಹಿಂದಿರುವವರು ಹಾಗೆಯೇ ಕೂಗಬೇಕು, ಅದು ಅಲ್ಲಿಯ ಸಂಪ್ರದಾಯ. ಒಂದು ದಿನ ಮುಂದಾಳುವಿನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಪಾಪ, ಎತ್ತಿದ ಕೈ ಇಳಿಸುವುದನ್ನು ಮರೆತು, "ಅಯ್ಯೋ, ನನ್ನ ಚಪ್ಪಲಿ!" ಎಂದ. ಇನ್ನೂರು ಜನ ಮುಷ್ಟಿ ಎತ್ತಿ, "ಅಯ್ಯೋ, ನನ್ನ ಚಪ್ಪಲಿ!" ಎಂದು ಗುಡುಗಿದರು. ಸೆಕ್ರೆಟೇರಿಯಟ್ಟಿನ ಗೇಟಿನಲ್ಲಿದ್ದ ಪೊಲೀಸರು ಲಾಠಿ ಸರಿಮಾಡಿಕೊಂಡರು. ಕಿಟಕಿಯಲ್ಲಿದ್ದ ನಾನು ನಗಲಿಲ್ಲ. ವಿವೇಕವಿಲ್ಲದ ಜನ ಎಂದು ಹಲ್ಲು ಕಡಿದೆ. ಆ ಸಂಪ್ರದಾಯ ಒಂದು ದಿನ ನನ್ನ ಬೆನ್ನಿಗೇ ಬೀಳಲಿದೆ ಎಂದು ಯಾರಾದರೂ ಹೇಳಿದ್ದರೆ ಅವರ ಮೇಲೂ ಹಲ್ಲು ಕಡಿಯುತ್ತಿದ್ದೆ.

ಅಲ್ಲಿಂದ ಕೊಚ್ಚಿಗೆ ಬಂದೆ. ಆಫೀಸು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಮನೆ ಎಡಪ್ಪಳ್ಳಿಯಲ್ಲಿ. ಎಡಪ್ಪಳ್ಳಿಯೆಂದರೆ ಆಗ ಒಂದು ಕೂಡುರಸ್ತೆ, ನಾಲ್ಕು ಅಂಗಡಿ, ಉಳಿದದ್ದು ಗದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಎರ್ನಾಕುಳಂ ಜೆಟ್ಟಿಗೆ, ಅಲ್ಲಿಂದ ಬೋಟಿನಲ್ಲಿ ಆಫೀಸಿಗೆ. ಪಕ್ಕದ ಮನೆಯ ಮೆನನ್ ನಮ್ಮ ಸೆಕ್ಷನ್ನಿನವರೇ. ಇನ್ನೊಬ್ಬರು ವರ್ಗೀಸ್, ಅವರು ಜೆಟ್ಟಿಯಲ್ಲಿ ನಮ್ಮನ್ನು ಕೂಡಿಕೊಳ್ಳುತ್ತಿದ್ದರು. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ. ಜಗತ್ತಿನ ಎಲ್ಲ ವಿಷಯಗಳಲ್ಲೂ ಇಬ್ಬರದೂ ಒಂದೇ ಅಭಿಪ್ರಾಯ, ಏಕೆಂದರೆ ಇಬ್ಬರೂ ಒಂದೇ ಪಕ್ಷದ ಅಭಿಮಾನಿಗಳು. ಗ್ರಹಚಾರ ನೋಡಿ, ಆ ಪಕ್ಷ ಒಡೆದು ಎರಡಾಯಿತು. ಒಂದು ಹೋಳು ಮೆನನ್ನರಿಗೆ, ಒಂದು ವರ್ಗೀಸರಿಗೆ. ಎರಡು ಹೋಳುಗಳ ನಡುವಿನ ವ್ಯತ್ಯಾಸವನ್ನು ಅವರಿಬ್ಬರೂ ನನ್ನ ಎಡಬಲಕ್ಕೆ ಕೂತು ಮೂರು ವರ್ಷ ಬೋಟಿನಲ್ಲಿ ವಿವರಿಸಿದ್ದಾರೆ. ನನಗೆ ಅರ್ಥವಾಗಿಲ್ಲ, ಎರಡೂ ಕಿವಿ ಮಾತ್ರ ಮಂದವಾದವು.

ಕೊನೆಗೊಂದು ಚುನಾವಣೆಯ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು ಮೆನನ್, ವರ್ಗೀಸರನ್ನು "ವರ್ಗವಂಚಕ" ಎಂದುಬಿಟ್ಟರು. ವರ್ಗೀಸ್ ಮೆನನ್ನರ ಕೈಯಲ್ಲಿದ್ದ ಕೊಡೆಯನ್ನು ಕಿತ್ತುಕೊಂಡು ಹಿನ್ನೀರಿಗೆ ಎಸೆದರು. ಓದುಗರಲ್ಲಿ ಬಯಲುಸೀಮೆಯವರಿದ್ದರೆ ಇದರ ಗಾಂಭೀರ್ಯ ಹೊಳೆಯದು. ಮಿಥುನ ಮಾಸದ ಮಳೆಯಲ್ಲಿ ಕೊಚ್ಚಿಯವನ ಕೊಡೆಯನ್ನು ನೀರಿಗೆಸೆಯುವುದೆಂದರೆ ಅವನ ಮನೆಯ ಹೆಂಚು ಇಳಿಸಿದಂತೆ. ಅಂದಿನಿಂದ ಮಾತು ನಿಂತಿತು. ಒಬ್ಬರು ಬೋಟಿನ ಮುಂದೆ, ಒಬ್ಬರು ಹಿಂದೆ. ನಾನು ಬಯಸಿದ್ದ ನಿಶ್ಶಬ್ದ ಸಿಕ್ಕಿತ್ತು, ಆದರೆ ಒಂದು ವಾರ ಕಳೆಯುವುದರಲ್ಲಿ ಅದು ಗಲಾಟೆಗಿಂತ ಹೆಚ್ಚು ಹಿಂಸೆಯಾಯಿತು.

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ಮೆನನ್ನರ ಮಗಳು ಅಮ್ಮಿಣಿಯ ಮದುವೆ ಓಣಂ ಮುಗಿದ ಮೇಲೆ ನಿಶ್ಚಯವಾಗಿತ್ತು. ಈ ಹುಡುಗಿಗೆ ನಾಲ್ಕು ವರ್ಷವಿದ್ದಾಗ ಒಂದು ಬಂದ್ ದಿನ ವಿಪರೀತ ಜ್ವರ ಬಂತಂತೆ. ಬಸ್ಸಿಲ್ಲ, ಕಾರಿಲ್ಲ. ವರ್ಗೀಸ್ ಅವಳನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು, ತನ್ನ ಅಂಗಿಯಿಂದಲೇ ಹೊಟ್ಟೆಗೆ ಕಟ್ಟಿಕೊಂಡು, ಎರ್ನಾಕುಳಂ ಆಸ್ಪತ್ರೆಯವರೆಗೆ ತುಳಿದರಂತೆ. ಆ ವರ್ಗೀಸರಿಗೆ ಈಗ ಮದುವೆಯ ಕರೆಯೋಲೆ ಇಲ್ಲ! ಅಮ್ಮಿಣಿ ಒಂದು ಸಂಜೆ ನಮ್ಮ ಜಗಲಿಗೆ ಬಂದು, "ವರ್ಗೀಸ್ ಮಾಮನ್ ಬರುವುದಿಲ್ಲವೇ ಸ್ವಾಮೀ? ನೀವು ಅಚ್ಛನಿಗೆ ಹೇಳಬಾರದೇ?" ಎಂದು ಕೇಳಿ ಕಣ್ಣೊರೆಸಿಕೊಂಡಳು. ನನಗೆ ತಡೆಯಲಾರದ ಸಿಟ್ಟು ಬಂತು. ಯಾವುದೋ ಪಕ್ಷ ಒಡೆದದ್ದಕ್ಕೆ ಮದುಮಗಳು ಅಳಬೇಕೆ?

ಹೇಳಿದೆ. ಮೆನನ್ ಕೇಳಲಿಲ್ಲ, ವರ್ಗೀಸರೂ ಕೇಳಲಿಲ್ಲ. ಹೇಳಿ ಆಗದ್ದನ್ನು ನಗಿಸಿ ಮಾಡೋಣ ಎಂದು ಉಪಾಯ ಹೂಡಿದೆ. ಆಫೀಸಿನ ರಿಕ್ರಿಯೇಷನ್ ಕ್ಲಬ್ಬಿನ ಓಣಂ ಆಚರಣೆಯಲ್ಲಿ ಕಳಂ ಎಂಬ ಹೂವಿನ ರಂಗೋಲಿ, ಹಗ್ಗ ಜಗ್ಗಾಟದ ಜೊತೆಗೆ ಒಂದು ಅಣಕು ಜಾಥಾ ಇರಲಿ ಎಂದೆ. ಪಕ್ಷವಿಲ್ಲದ ಜಾಥಾ. ನಮ್ಮ ಬೇಡಿಕೆ ಒಂದೇ: ಜಗಳವಾಡಿ, ಆದರೆ ಮೆಲ್ಲಗೆ. ಆಫೀಸಿನಲ್ಲಿ ಯಾವ ಕಡೆಗೂ ಸೇರದವನು ನಾನೊಬ್ಬನೇ ಆದ್ದರಿಂದ ನನ್ನನ್ನೇ ಸಂಚಾಲಕನನ್ನಾಗಿ ಮಾಡಿದರು. "ಬೇಕೇ ಬೇಕು, ಆದರೆ ಅವಸರವಿಲ್ಲ", "ಎದುರಿನವನಿಗೂ ಎರಡು ಕಿವಿಗಳಿವೆ", "ಹೋರಾಟ ಊಟದ ನಂತರ" ಎಂದೆಲ್ಲ ಫಲಕ ಬರೆಸಿದೆ. ಘೋಷಣೆ ಕೂಗಿಸಲು ಮೆನನ್ ಮತ್ತು ವರ್ಗೀಸ್, ಜೋಡಿಯಾಗಿ. ಆಫೀಸಿನ ಅತ್ಯುತ್ತಮ ಗಂಟಲುಗಳು ಅವೆರಡೇ ಎಂದು ಕ್ಲಬ್ಬು ಒಮ್ಮತದಿಂದ ಒಪ್ಪಿದ್ದರಿಂದ ಇಬ್ಬರೂ ಬಿಂಕದಿಂದಲೇ ಒಪ್ಪಿಕೊಂಡರು.

ಬಾವುಟದ್ದು ದೊಡ್ಡ ತಲೆನೋವಾಯಿತು. ಯಾವ ಬಣ್ಣ ಹಿಡಿದರೂ ಅದಕ್ಕೊಬ್ಬ ಯಜಮಾನ ಆಗಲೇ ಇದ್ದ. ಬಿಳಿಯದಾದರೂ ಸಿಕ್ಕೀತು ಎಂದರೆ, ಅದು ಶರಣಾಗತಿಯ ಗುರುತು, ನಾವು ಯಾರಿಗೂ ಶರಣಾಗುವವರಲ್ಲ ಎಂದು ಇಬ್ಬರೂ ಬೇರೆಬೇರೆಯಾಗಿ ಬಂದು ಹೇಳಿದರು. ಕೊನೆಗೆ ನನಗೆ ತೋರ್ತು ಹೊಳೆಯಿತು. ತೋರ್ತು ಎಂದರೆ ಅಲ್ಲಿಯ ತೆಳು ಮೈವಸ್ತ್ರ, ಮಾಸಲು ಬಿಳುಪು. ಮಿಂದ ಮೇಲೆ ಎಲ್ಲ ಪಕ್ಷದವರೂ ಅದರಲ್ಲೇ ಮೈ ಒರೆಸಿಕೊಳ್ಳುವುದು. ನಮ್ಮ ಹಿತ್ತಿಲ ಹಗ್ಗದ ಮೇಲೆ ಕರೆಗೆ ಜರಿಯಿದ್ದ ಹೊಸದೊಂದು ಕಂಡಿತು. ತೆಗೆದೆ, ಬಿದಿರಿಗೆ ಮೊಳೆ ಹೊಡೆದೆ. ಅದು ಮೆನನ್ನರ ಹೆಂಡತಿ ನನ್ನ ಹೆಂಡತಿ ಸರಸ್ವತಿಗೆ ಓಣಂ ಉಡುಗೊರೆಯಾಗಿ ಕೊಟ್ಟದ್ದೆಂದು ಆಮೇಲೆ ತಿಳಿಯಿತು. "ರೀ, ಒಂದು ಮಾತು ಕೇಳಿ ತಗೊಳ್ಳೋದಲ್ವಾ? ನಾಲ್ಕು ಕಡೆ ತೂತು ಮಾಡಿದ್ದೀರಲ್ಲ!" ಎಂದಳು. ನಾಡಿನ ಸೌಹಾರ್ದವೇ ಹರಿದುಹೋಗುತ್ತಿರುವಾಗ ಟವೆಲ್ಲಿನ ತೂತು ಲೆಕ್ಕ ಹಾಕುತ್ತಾಳಲ್ಲ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಇನ್ನು ಘೋಷಣೆ. ನಾನು ಬಹಳ ಯೋಚಿಸಿ ಬರೆದ ಮುಖ್ಯ ಘೋಷಣೆ ಹೀಗಿತ್ತು: "ಅವರು ಹೇಳಿದ್ದು ಸರಿಯಿರಬಹುದು! ನಾವು ಹೇಳಿದ್ದು ತಪ್ಪಿರಬಹುದು!" ಮೆನನ್ ಚೀಟಿ ಓದಿದರು, ಮಡಿಸಿದರು, ಹಿಂದಕ್ಕೆ ಕೊಟ್ಟರು. "ಸ್ವಾಮೀ, ಹೇಳುತ್ತೇನೆ. ತಮಾಷೆಗೆ ತಾನೇ? ಆದರೆ ಅವನ್ ಆದ್ಯಂ ಪರಯಟ್ಟೆ." ಅಂದರೆ, ಅವನು ಮೊದಲು ಹೇಳಲಿ. ವರ್ಗೀಸರ ಮೇಜಿಗೆ ಹೋದೆ. ಅವರೂ ಓದಿ, ಕನ್ನಡಕ ತೆಗೆದು, "ಅವನ್ ಆದ್ಯಂ ಪರಯಟ್ಟೆ" ಎಂದರು. ಎರಡು ಮೇಜಿನ ನಡುವೆ ಹತ್ತು ಹೆಜ್ಜೆ. ನಾಲ್ಕು ದಿನ ನಡೆದೆ. ಕೊನೆಗೆ, ನಾನು ಒಂದು ಎರಡು ಮೂರು ಎನ್ನುವುದು, ಇಬ್ಬರೂ ಒಟ್ಟಿಗೆ ಕೂಗುವುದು ಎಂದು ಒಪ್ಪಂದವಾಯಿತು. ಅಣಕಕ್ಕೂ ತಪ್ಪೊಪ್ಪಿಕೊಳ್ಳದ ಗಂಡಸರನ್ನು ನಾನು ಅದೇ ಮೊದಲು ಕಂಡದ್ದು.

ಓಣಂ ಆಚರಣೆಯ ದಿನ ಮಧ್ಯಾಹ್ನ ಆಫೀಸಿನ ಗೇಟಿನಿಂದ ಜಾಥಾ ಹೊರಟಿತು. ಮುಂದೆ ನಾನು, ತೋರ್ತಿನ ಬಾವುಟ ಹಿಡಿದು. ಎಡಕ್ಕೆ ಮೆನನ್, ಬಲಕ್ಕೆ ವರ್ಗೀಸ್. ಹಿಂದೆ ಸಹೋದ್ಯೋಗಿಗಳ ದೊಡ್ಡ ದಂಡು. ದ್ವೀಪದ ಜೆಟ್ಟಿಯ ಚಾಯದಂಗಡಿಯ ಹತ್ತಿರ ಬಂದರಿನ ಕೂಲಿಗಳು ಕೆಲಸ ಬಿಟ್ಟು ಗುಂಪಾಗಿ ನಿಂತಿದ್ದರು. ಇದು ಯಾವ ಪಕ್ಷ ಎಂದು ಕೇಳಿದರು. ಯಾವುದೂ ಅಲ್ಲ ಎಂದೆ. ಹೊಸ ಹೋಳು ಇರಬೇಕು ಎಂದು ಅವರು ತಮ್ಮತಮ್ಮಲ್ಲೇ ತೀರ್ಮಾನಿಸಿ, ಯಾವುದಕ್ಕೂ ಇರಲಿ ಎಂದು ನಮ್ಮ ಹಿಂದೆ ಸೇರಿಕೊಂಡರು. ಜಾಥಾ ನಿಂತಿತು. "ಒಂದು, ಎರಡು, ಮೂರು" ಎಂದೆ.

ಸದ್ದಿಲ್ಲ. ಮೆನನ್ ಬಾಯಿ ತೆರೆದು ವರ್ಗೀಸರ ಬಾಯಿ ನೋಡುತ್ತಿದ್ದರು. ವರ್ಗೀಸ್ ಬಾಯಿ ತೆರೆದು ಮೆನನ್ನರ ಬಾಯಿ ನೋಡುತ್ತಿದ್ದರು. ಮತ್ತೆ ಎಣಿಸಿದೆ. ಮತ್ತೆ ಅದೇ. ಮೂರನೆಯ ಸಲ ಇಬ್ಬರೂ ಬಾಯಿ ಮುಚ್ಚಿ ಮುಖ ತಿರುಗಿಸಿದರು. ಆಗ ನನ್ನೊಳಗೆ ಏನೋ ಕಿತ್ತುಹೋಯಿತು. ಅಮ್ಮಿಣಿ ಕಣ್ಣೊರೆಸಿಕೊಂಡದ್ದು ನೆನಪಾಯಿತು. ಚಾಯದಂಗಡಿಯ ಬೆಂಚು ಹತ್ತಿದೆ. ಸಿಟ್ಟು ಬಂದಾಗ ಮಲಯಾಳಂ ಬಾಯಿಗೆ ಬರುವುದಿಲ್ಲ, ಕನ್ನಡವೇ ಬಂತು. ಬಾವುಟ ಹಿಡಿದ ಕೈ ಮೇಲೆತ್ತಿ, "ಕತ್ತೆಗಳಾ!" ಎಂದು ಕಿರುಚಿದೆ.

"ಕತ್ತೆಗಳಾ!" ಎಂದು ಮುಷ್ಟಿ ಎತ್ತಿ ಗುಡುಗಿತು ಜನ.

ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಬುದ್ಧಿಗೇಡಿಗಳಾ!" ಎಂದೆ. "ಬುದ್ಧಿಗೇಡಿಗಳಾ!" ಎಂದರು. "ಒಂದು ಕೊಡೆಗೋಸ್ಕರ ಅಮ್ಮಿಣಿಯನ್ನು ಮರೆತಿರಲ್ಲೋ!" ಎಂದೆ. ಇಡೀ ದ್ವೀಪವೇ, "ಅಮ್ಮಿಣಿಯನ್ನು ಮರೆತಿರಲ್ಲೋ!" ಎಂದು ಕೇಳಿತು. ನಿಮಗೆ ನಾಚಿಕೆಯಾಗಬೇಕು, ನಿಮ್ಮ ಪಕ್ಷಗಳ ಮನೆ ಹಾಳಾಗ ಎಂದೆಲ್ಲ ಕಾಲು ಗಂಟೆ ಬೈದೆ. ಅವರೂ ಕಾಲು ಗಂಟೆ, ಒಂದಕ್ಷರ ಅರ್ಥವಾಗದೆ, ಅತ್ಯಂತ ಶ್ರದ್ಧೆಯಿಂದ ಬೈದರು. ಕೊನೆಗೆ ಮೆನನ್ ಒಂದು ತೋಳು, ವರ್ಗೀಸ್ ಒಂದು ತೋಳು ಹಿಡಿದು ನನ್ನನ್ನು ಬೆಂಚಿನಿಂದ ಇಳಿಸಿದರು. ಅವರಿಗೆ ಕನ್ನಡ ಬಾರದು. ಆದರೆ ಮಲಯಾಳಂನಲ್ಲೂ ಕೊಡೆಗೆ ಕುಡ ಎಂದೇ ಹೆಸರು, ಅದು ತಿಳಿದಿತ್ತು, ಅಮ್ಮಿಣಿಯ ಹೆಸರೂ ತಿಳಿದಿತ್ತು. ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ.

ಅಷ್ಟೂ ಜನರ ನಡುವೆ ಕನ್ನಡ ಬಲ್ಲವರು ಒಬ್ಬರೇ ಇದ್ದರು, ಜೆಟ್ಟಿಗೆ ಕಾಣುವ ನಮ್ಮ ಆಫೀಸಿನ ಮಹಡಿಯ ಕಿಟಕಿಯಲ್ಲಿ. ನಮ್ಮ ಮೇಲಧಿಕಾರಿ ದೇಸಾಯಿಯವರು, ಧಾರವಾಡದವರು. ಮೂವರನ್ನೂ ಕರೆಸಿದರು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, "ಎಂಟು ವರ್ಷ ಆತ್ರೀ ನಾ ಈ ರಾಜ್ಯಕ್ಕ ಬಂದು. ಇಷ್ಟು ಮಂದಿ ಕೂಡಿ ಕನ್ನಡ ಮಾತಾಡಿದ್ದು ಇವತ್ತ ಕೇಳಿದೆ ನೋಡ್ರಿ. ಕಿವಿ ತಣ್ಣಗಾತು" ಎಂದರು. ನಾನು ನಗಲು ಹೊರಟೆ. "ನಗಬ್ಯಾಡ್ರಿ. ಸರಕಾರಿ ನೌಕರರು ನಡುರಸ್ತೆದಾಗ ಹಿಂಗ ಮಾಡಿದ್ದಕ್ಕ ನಾಳೆ ಮುಂಜಾನೆ ಮೂವರೂ ಕೂಡಿ ಒಂದು ವಿವರಣೆ ಬರಕೊಡ್ರಿ. ಒಂದ ಹಾಳಿ ಮ್ಯಾಲ" ಎಂದರು.

ಅಂದು ಸಂಜೆ ಎಲ್ಲರೂ ಹಗ್ಗ ಜಗ್ಗುತ್ತಿದ್ದಾಗ ನಾವು ಮೂವರು ಒಂದೇ ಮೇಜಿಗೆ ಕೂತು ವಿವರಣೆ ಬರೆದೆವು. ನಾನು ಏನೂ ತಪ್ಪು ಮಾಡಿಲ್ಲವೆಂದು ಬರೆಯಹೊರಟೆ. ಇಬ್ಬರೂ ಸೇರಿ ಕಾಗದ ಕಿತ್ತುಕೊಂಡರು. ಮೆನನ್ ಬರೆದರು, ವರ್ಗೀಸ್ ತಿದ್ದಿದರು, ಮೆನನ್ ಆ ತಿದ್ದುಪಡಿಯನ್ನು ತಿದ್ದಿದರು. ಎರಡು ತಿಂಗಳಿಂದ ಮಾತಾಡದ ಬಾಯಿಗಳು ಒಂದೊಂದು ಪದಕ್ಕೂ ಕಾದಾಡಿದವು. ಕೊನೆಯ ವಾಕ್ಯ, "ಆವೇಶದ ಭರದಲ್ಲಿ ನಮ್ಮಿಂದ ತಪ್ಪಾಗಿರಬಹುದು" ಎಂದು. ಜೆಟ್ಟಿಯಲ್ಲಿ ಕೂಗಲು ಒಪ್ಪದ ಅದೇ ವಾಕ್ಯ! ಮೇಲಧಿಕಾರಿ ಕೇಳಿದ್ದಾರೆಂದರೆ ನಮ್ಮವರು ಏನು ಬೇಕಾದರೂ ಬರೆದುಕೊಡುತ್ತಾರೆ. ಇಬ್ಬರೂ ಸಹಿ ಹಾಕಿದರು. ನನಗೂ ಹಾಕಿಸಿದರು, ಬಲವಂತವಾಗಿ. ಆಮೇಲೆ ಮೆನನ್ ತಮ್ಮ ಚೀಲದಿಂದ ಒಂದು ಕರೆಯೋಲೆ ತೆಗೆದು ಮೇಜಿನ ಮೇಲಿಟ್ಟರು. ವರ್ಗೀಸರ ಹೆಸರು ಆಗಲೇ ಬರೆದಿತ್ತು. ಮೂಲೆಗಳೆಲ್ಲ ಮುದುರಿಹೋಗಿದ್ದವು, ಎಷ್ಟು ದಿನದಿಂದ ಹೊತ್ತು ತಿರುಗುತ್ತಿದ್ದರೋ. ವರ್ಗೀಸ್ ಅದನ್ನು ಎರಡು ಕೈಯಿಂದ ತೆಗೆದುಕೊಂಡು, ಓದಲಾರದೆ, ಕನ್ನಡಕ ಹುಡುಕಿದರು. ಕನ್ನಡಕ ಮೂಗಿನ ಮೇಲೇ ಇತ್ತು.

ಎರ್ನಾಕುಳಂನ ಕಲ್ಯಾಣಮಂಟಪಕ್ಕೆ ಮದುವೆಗೆ ಹೋದೆವು. ವರ್ಗೀಸ್ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ಅಮ್ಮಿಣಿ ಮಂಟಪದಿಂದಲೇ ಅವರನ್ನು ನೋಡಿ ನಕ್ಕದ್ದನ್ನು ನಾನು ಕಂಡೆ. ನನ್ನ ಜಾಥಾಕ್ಕೆ ಇದಕ್ಕಿಂತ ಹೆಚ್ಚಿನ ಜಯ ಬೇಡ ಎಂದುಕೊಂಡು ಎಲೆಯ ಮುಂದೆ ಕೂತೆ. ಪಾಯಸ ಬರುವಷ್ಟರಲ್ಲಿ ನನ್ನ ಎಡಬಲದಿಂದ ಗುಡುಗು ಶುರುವಾಯಿತು. ಈಗ ಪಕ್ಷದ್ದಲ್ಲ. ಮೊದಲು ತಪ್ಪೊಪ್ಪಿಕೊಂಡು ಸಹಿ ಹಾಕಿದ ದೊಡ್ಡ ಮನಸ್ಸು ಯಾರದು ಎಂಬುದರ ಬಗ್ಗೆ! ಮೆನನ್ ತಾನೆಂದರು, ವರ್ಗೀಸ್ ತಾನೆಂದರು, ಎಲೆ ನಡುಗುವಂತೆ ನೆಲ ಗುದ್ದಿದರು. "ಸ್ವಾಮೀ, ನೀವೇ ಹೇಳಿ!" ಎಂದರು. ನನ್ನ ಮೈ ಉರಿದುಹೋಯಿತು. ಇಷ್ಟು ಮಾಡಿಸಿದವನು ನಾನು, ಬೆಂಚು ಹತ್ತಿದವನು ನಾನು. ಇವರು ಕೀರ್ತಿ ಹಂಚಿಕೊಳ್ಳುತ್ತಿದ್ದಾರೆ!

ಬಸ್ಸಿನಲ್ಲಿ ಬರುವಾಗ ಸರಸ್ವತಿಗೆ ಇದನ್ನೆಲ್ಲ ಹೇಳಿಕೊಂಡು ಕೊತಕೊತ ಕುದಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು: "ಅವರಿಬ್ಬರೂ ಒಪ್ಕೊಂಡ್ರಲ್ಲ, ಬಿಡಿ. ನನ್ನ ತೋರ್ತಿನ ವಿಷಯದಲ್ಲಿ ನೀವು ಯಾವಾಗ ಒಪ್ಕೊಳ್ತೀರಿ?"

ಈ ಪ್ರಶ್ನೆಗೆ ಈಗ ಎಂಟು ಒಂಬತ್ತು ವರ್ಷ. ನಡುವೆ ಕೊಚ್ಚಿ ಬಿಟ್ಟೆವು, ಸಾಮಾನು ಕಟ್ಟಿದೆವು, ಬಿಚ್ಚಿದೆವು. ನಾಲ್ಕು ತೂತಿನ ಆ ತೋರ್ತನ್ನು ಅವಳು ಪ್ರತಿ ಊರಿನಲ್ಲೂ ನನ್ನ ಕಣ್ಣಿಗೆ ಬೀಳುವಂತೆಯೇ ಒಣಹಾಕುತ್ತಾಳೆ. ನಾನು ಒಪ್ಪಿಕೊಳ್ಳಬಾರದೆಂದೇನೂ ಅಲ್ಲ. ನಾನು ಶಾಂತ ಸ್ವಭಾವದವನು, ಹಟಮಾರಿಯಲ್ಲ. ಆದರೆ ಉಡುಗೊರೆಯ ವಸ್ತ್ರವನ್ನು ಪೆಟ್ಟಿಗೆಯಲ್ಲಿಡದೆ, ದಾರಿಹೋಕರ ಕೈಗೂ ಸಿಗುವಂತೆ ಹಗ್ಗದ ಮೇಲೆ ಹಾಕಿದವರು ಯಾರು? ಅದು ಅವಳ ತಪ್ಪು ತಾನೇ? ಒಂದೇ ಒಂದು ಮಾತು. ಅವಳು ಮೊದಲು ಹೇಳಲಿ.